ನಮ್ಮ ಹೆಂಗಸರ ಮೈ ನಿಮ್ಮ ಬಾವಿಯಲ್ಲ

ಗುಡಾರ ಹೊಲಿಯುವ ಡಿಪೋದ ವೈದ್ಯಾಧಿಕಾರಿಗಳಿಗೆ, ಪತ್ರಿಕೆಯ ಮೂಲಕ.

ಮಾನ್ಯರೇ,

ನನ್ನಂಥವಳ ಕೈಗೆ ಲೇಖನಿ ಹಿಡಿಸಿದಿರಲ್ಲ, ಮೊದಲ ಸಿಟ್ಟು ಅದಕ್ಕೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಹಲಸೂರಿನಲ್ಲಿ ಮೊಸರು ಮಾರುತ್ತೇನೆ. ಬಾಯಿಮಾತಲ್ಲಿ ಹೇಳಿ ಮುಗಿಸೋಣ ಅಂತ ಬಾಣಸವಾಡಿ ದಾರಿಯ ನಿಮ್ಮ ಗೇಟಿಗೆ ಬಂದೆ. "ಅರ್ಜಿ ಬರೆದು ತಾ" ಅಂದರು. ಬರೆದು ತಂದೆ. ನಿಮ್ಮ ಗುಮಾಸ್ತರು ಓದಿ, ಸತ್ತ ಇಲಿ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು, "ವಿಷಯ ಅಸಭ್ಯವಾಗಿದೆ" ಅಂತ ವಾಪಸು ಕೊಟ್ಟರು. ಇನ್ನು ಊರೆಲ್ಲ ಓದಲಿ.

ವಿಷಯ ಇದು. ನಿಮ್ಮ ಡಿಪೋದಲ್ಲಿ ಸಿಪಾಯಿಗಳ ಗುಡಾರ ಹೊಲಿಯುವ ಹೆಂಗಸರನ್ನು ಪ್ರತಿ ಶನಿವಾರ ಪರದೆ ಹಿಂದೆ ಮಲಗಿಸಿ, ಡಬ್ಬಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಯೋನಿಯ ಒಳಕ್ಕೆ ಕೆಂಪು ಔಷಧಿ ಬಿಟ್ಟು ಆಯಾಳ ಕೈಲಿ ತೊಳೆಸುತ್ತೀರಿ. ತೊಳೆಸಿಕೊಂಡವಳಿಗೆ ಸೋಮವಾರ ಒಳಗೆ ಹೋಗಲು ಬಿಲ್ಲೆ. ಒಲ್ಲೆ ಅಂದವಳು ಗೇಟಿನಿಂದಲೇ ಮನೆಗೆ. ಇದಕ್ಕೆ ನೀವು ಆರೋಗ್ಯ ರಕ್ಷಣೆ ಅಂತ ಹೆಸರಿಟ್ಟಿದ್ದೀರಿ. ಈ ರಕ್ಷಣೆಯಿಂದ ನನ್ನ ಸೊಸೆ ಆದಿಲಕ್ಷ್ಮಿ ಕಾಯಿಲೆ ಬಿದ್ದಳು, ಕಾಯಿಲೆಯಿಂದ ಕೆಲಸ ಕಳೆದುಕೊಂಡಳು, ಸಾಲದ್ದಕ್ಕೆ ನಿಮ್ಮವರು ಅವಳ ನಡತೆಯ ಮೇಲೂ ಮಸಿ ಬಳಿದರು.

ಯೋನಿ ಅಂತ ಬರೆದದ್ದಕ್ಕೆ ಪತ್ರಿಕೆಯ ಸಂಪಾದಕರೂ ಮುಖ ಕಿವುಚಿದರು. "ಅಜ್ಜಿ, ಗುಪ್ತಾಂಗ ಅನ್ನಿ, ಸಾಕು" ಅಂದರು. "ಸಾಲಲ್ಲಿ ನಿಲ್ಲಿಸಿ ತೊಳೆಯೋ ಕಡೆ ಗುಪ್ತ ಅನ್ನೋದು ಏನಪ್ಪಾ ಉಳೀತು?" ಅಂದೆ. ಪದವನ್ನು ಹಾಗೇ ಬಿಟ್ಟರು.

ಈ ತೊಳೆತ ಶುರುವಾದದ್ದು ಯಾಕೆ ಅಂತ ದಂಡಿನ ಬೀದಿಯ ನಾಯಿಗೂ ಗೊತ್ತು. ಯುದ್ಧ ಬಂತು, ಸಿಪಾಯಿಗಳು ಬಂದರು, ಅವರಲ್ಲಿ ಕೆಲವರಿಗೆ ಹಾಸಿಗೆ ಹಂಚಿಕೊಂಡರೆ ಅಂಟುವ ಮೇಹರೋಗ ಬಂತು. ಮೇಲಿನವರು ನಿಮ್ಮನ್ನು ಏನು ಕ್ರಮ ಕೈಗೊಂಡಿರಿ ಅಂತ ಕೇಳಿರಬೇಕು. ನೀವು ಕೈಗೊಂಡಿರಿ. ರೋಗ ಹಿಡಿದದ್ದು ಬೂಟು ಹಾಕಿದವರಿಗೆ, ತೊಳೆಸಿಕೊಂಡದ್ದು ಸೂಜಿ ಹಿಡಿದವರು. ಡಿಪೋದಲ್ಲಿ ಬಟ್ಟೆ ಕತ್ತರಿಸುವ ಗಂಡಸರಿದ್ದಾರೆ, ಮೂಟೆ ಹೊರುವವರಿದ್ದಾರೆ, ನಿಮ್ಮ ಗುಮಾಸ್ತರಿದ್ದಾರೆ. ಇವರಲ್ಲಿ ಒಬ್ಬರನ್ನಾದರೂ ಆ ಪರದೆ ಹಿಂದೆ ಕರೆದಿರಾ? ತಮ್ಮನ್ನು ತಾವು ಕರೆದುಕೊಂಡಿರಾ? ಕೇಳುವುದು ಅಸಭ್ಯವಾದರೆ ಕ್ಷಮಿಸಿ. ಅಸಭ್ಯತೆ ಕಲಿಸಿದ್ದು ನಿಮ್ಮ ಡಿಪೋ.

ಆದಿಲಕ್ಷ್ಮಿ ಗಟ್ಟಿ ಹುಡುಗಿ. ಕೆಲಸಕ್ಕೆ ಸೇರಿದಾಗ ಅವಳಿಗೆ ಯಾವ ರೋಗವೂ ಇರಲಿಲ್ಲ. ತೊಳೆಸಿಕೊಳ್ಳಲು ಶುರುಮಾಡಿ ತಿಂಗಳಾಗುವಷ್ಟರಲ್ಲಿ ಉರಿ ಅಂದಳು, ಆಮೇಲೆ ಬಿಳಿಸೆರಗು, ಅದಕ್ಕೆ ಮೀನಿನ ವಾಸನೆ. ನಾಚಿಕೆ ಬಿಟ್ಟು ನಿಮ್ಮ ಕಂಪೌಂಡರಿಗೆ ಹೇಳಿದಳು. ಅವರು ಕೊಟ್ಟ ಪರಿಹಾರ ಏನು? "ಇನ್ನೂ ಕೊಳೆ ಇದೆ, ಬುಧವಾರವೂ ಬಂದು ತೊಳೆಸಿಕೋ." ಉರಿ ಹೆಚ್ಚಿದಷ್ಟೂ ತೊಳೆತ, ತೊಳೆದಷ್ಟೂ ಉರಿ. ಕಡೆಗೆ ಕಿಬ್ಬೊಟ್ಟೆ ಹಿಡಿದುಕೊಂಡು ಜ್ವರದಲ್ಲಿ ಮಲಗಿದಳು. ನಾನೊಂದು ತೋಳು, ಅವಳ ಪಕ್ಕದ ಮಿಷನ್ನಿನಲ್ಲಿ ಹೊಲಿಯುವ ಖುರ್ಷೀದಾ ಒಂದು ತೋಳು ಹಿಡಿದು, ರಸೆಲ್ ಮಾರುಕಟ್ಟೆ ಹಿಂದಿನ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಒಳಗಿನ ಪಸೆಯನ್ನು ಒಂದು ನೀಲಿ ಕಾಗದದ ತುಂಡಿಗೆ ಸವರಿದರು. ಕಾಗದ ನೀಲಿಯಾಗೇ ಉಳಿಯಿತು. "ಕೆಂಪಗಾಗಬೇಕಿತ್ತು ಅಮ್ಮ. ಹುಳಿ ಇದ್ದರೆ ಕೆಂಪಗಾಗುತ್ತೆ. ಇವಳಲ್ಲಿ ಹುಳಿಯೇ ಇಲ್ಲ" ಅಂದರು. ಆಮೇಲೆ ಖುರ್ಷೀದಾ ಕಡೆ ತಿರುಗಿ, "ನೀನೂ ಅಲ್ಲೇ ಕೆಲಸ ಅಲ್ವಾ? ನಿನಗೂ ಹೀಗೇನಾ?" ಅಂತ ಕೇಳಿದರು.

"ನಂಗೇನಿಲ್ಲ ಡಾಕ್ಟರಮ್ಮ. ನಾನು ತೊಳೆಸ್ಕೊಂಡೇ ಇಲ್ಲ."

"ಮತ್ತೆ ಬಿಲ್ಲೆ ಹೇಗೆ ಕೊಡ್ತಾರೆ?"

"ಶನಿವಾರ ಬಂದ್ರೆ ನಾನು ಹೊರಗಾಗಿದೀನಿ ಅಂತೀನಿ. ಕಂಪೌಂಡರ್ ಸಾಹೇಬ್ರು ಗೋಡೆ ನೋಡ್ಕೊಂಡು ಬಿಲ್ಲೆ ಕೊಡ್ತಾರೆ."

"ಎಲ್ಲಾ ಶನಿವಾರಾನೂ?"

"ಆ ಮಾತು ಕಿವೀಗ್ ಬಿದ್ರೆ ಅವ್ರಿಗೆ ಲೆಕ್ಕ ಮರ್ತೋಗುತ್ತೆ ಡಾಕ್ಟರಮ್ಮ."

ಡಾಕ್ಟರಮ್ಮ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಜ್ವರದಲ್ಲಿದ್ದ ಆದಿಲಕ್ಷ್ಮಿಯೂ ನಕ್ಕಳು. ಮಾನ್ಯರೇ, ಹೆಂಗಸರ ಒಳಗನ್ನು ವಾರವಾರ ತೊಳೆಸುವ ಧೈರ್ಯ ನಿಮ್ಮ ಕಚೇರಿಗಿದೆ, ಹೆಂಗಸು ತಿಂಗಳಿಗೆಷ್ಟು ಸಲ ಹೊರಗಾಗುತ್ತಾಳೆ ಅಂತ ಕೇಳುವ ಧೈರ್ಯ ಮಾತ್ರ ಇಲ್ಲ. ಆ ನಾಚಿಕೆಯೇ ಒಂದು ಹುಡುಗಿಯನ್ನು ಕಾಪಾಡಿತು. ಡಾಕ್ಟರಮ್ಮ ಅವಳನ್ನೂ ಪರೀಕ್ಷೆ ಮಾಡಿದರು. ಕಾಗದ ಕುಂಕುಮದ ಹಾಗೆ ಕೆಂಪಾಯಿತು. ಅವಳನ್ನು ಹುಡುಕುವ ಶ್ರಮ ತೆಗೆದುಕೊಳ್ಳಬೇಡಿ. ಮದುವೆಯಾಗಿ ಹೊಸಕೋಟೆಗೆ ಹೋದಳು. "ಹೆಸರು ಹಾಕೇ ಬರೀರಿ ಅಜ್ಜಿ" ಅಂತ ಹೇಳಿಯೇ ಹೋದಳು.

ಆ ದಿನ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಹಾಲನ್ನು ಮೊಸರು ಮಾಡುವುದು ಕಣ್ಣಿಗೆ ಕಾಣದ ಜೀವಗಳಂತೆ. ನನಗೆ ಹೆಪ್ಪು ಅಂತ ಗೊತ್ತಿತ್ತು, ಜೀವ ಅಂತ ಗೊತ್ತಿರಲಿಲ್ಲ. ಅವುಗಳ ನೆಂಟರೇ ಹೆಂಗಸಿನ ಯೋನಿಯಲ್ಲೂ ಇರುತ್ತಾರಂತೆ. ಹರೆಯ ಬಂದಾಗ ಬಂದು ನೆಲೆಸಿ, ಅಲ್ಲಿ ಹುಳಿ ಮಾಡಿಕೊಂಡಿರುತ್ತಾರೆ. ಆ ಹುಳಿಯಲ್ಲಿ ಕೆಟ್ಟ ಕ್ರಿಮಿ ತಳ ಊರುವುದು ಕಷ್ಟ. ಇನ್ನು ರಕ್ತದಲ್ಲಿ ಬಿಳಿಕಣ ಅಂತ ಕಾವಲಿನವು ಇವೆಯಂತೆ, ಪರಕೀಯ ಕ್ರಿಮಿ ಕಂಡರೆ ಮೇಲೆ ಬಿದ್ದು ತಿನ್ನುತ್ತವೆ. ಈ ಹುಳಿ ಜೀವಗಳು ಕೂಡ ಕ್ರಿಮಿಗಳೇ, ಆದರೂ ಇವುಗಳ ಮೇಲೆ ಅವು ದಂಡೆತ್ತಿ ಹೋಗುವುದಿಲ್ಲ. ನಿಮ್ಮ ಗೇಟಿನ ಕಾವಲುಗಾರ ಚಲುವಯ್ಯ ಮುಖ ನೋಡಿ ಒಳಗೆ ಬಿಡುತ್ತಾನಲ್ಲ, ಹಾಗೆ. "ರಕ್ತಕ್ಕೂ ಇವಕ್ಕೂ ಏನು ಒಪ್ಪಂದವೋ ಪೂರ್ತಿ ನಮಗೂ ಗೊತ್ತಿಲ್ಲ ಅಮ್ಮ. ಒಪ್ಪಂದ ಇದೆ ಅನ್ನೋದು ಮಾತ್ರ ಕಾಣುತ್ತೆ" ಅಂದರು. ಔಷಧಿ ಬಿಟ್ಟು ತೊಳೆದರೆ ಮೊದಲು ಸಾಯುವುದು ಈ ಮನೆಯವರೇ. ಖಾಲಿ ಮನೆಗೆ ಕಂಡಕಂಡವರು ನುಗ್ಗುತ್ತಾರೆ. ಆಗ ರಕ್ತ ಯುದ್ಧಕ್ಕಿಳಿಯುತ್ತದೆ, ಮೈ ಯುದ್ಧಭೂಮಿ ಆಗುತ್ತದೆ. ಉರಿ, ಊತ, ಜ್ವರ ಅಂದರೆ ಅದೇ.

ನನಗೆ ತಕ್ಷಣ ಅರ್ಥವಾಯಿತು. ಹೋದ ಬೇಸಗೆ ಕಾಲರಾ ಅಂತ ನಮ್ಮ ಬೀದಿಯ ಬಾವಿಗೆ ಇದೇ ಕೆಂಪು ಔಷಧಿ ಸುರಿದರು. ಆ ನೀರಲ್ಲಿ ತೊಳೆದ ಮಡಕೆಗಳಲ್ಲಿ ಹಾಲು ಹೆಪ್ಪುಗಟ್ಟಲಿಲ್ಲ, ನಾತ ಹಿಡಿಯಿತು. ಬಾವಿಗೆ ಹಾಕಿದ್ದು ಸರಿಯೇ, ಇಲ್ಲದಿದ್ದರೆ ಬೀದಿ ಖಾಲಿಯಾಗುತ್ತಿತ್ತು. ಆದರೆ ಬಾವಿಗೂ ಹೆಂಗಸಿಗೂ ಇರುವ ವ್ಯತ್ಯಾಸ ವೈದ್ಯಾಧಿಕಾರಿಗಳಿಗೆ ಒಬ್ಬಳು ಮುದುಕಿ ಹೇಳಬೇಕೇ? ನನ್ನ ಮಡಕೆಯ ಹೆಪ್ಪು ಹೋದಾಗ ಪಕ್ಕದ ಮನೆಯ ಮುನಿವೆಂಕಟಮ್ಮನ ಹತ್ತಿರ ಒಂದು ಚಮಚ ಕಡ ತಂದೆ. ನನ್ನ ಸೊಸೆ ತನ್ನ ಹೆಪ್ಪಿಗೆ ಯಾರ ಬಾಗಿಲು ತಟ್ಟಬೇಕು ಸ್ವಾಮಿ?

ಡಾಕ್ಟರಮ್ಮನ ಮಾತ್ರೆಗಳಿಂದ ಜ್ವರ ಇಳಿಯಿತು. ಇದು ಮೇಹರೋಗ ಅಲ್ಲ, ತೊಳೆದದ್ದರಿಂದ ಆದದ್ದು, ಇನ್ನು ತೊಳೆಯಕೂಡದು ಅಂತ ಇಂಗ್ಲಿಷಿನಲ್ಲಿ ಚೀಟಿ ಬರೆದುಕೊಟ್ಟರು. ಸೋಮವಾರ ಅದನ್ನು ಹಿಡಿದು ಆದಿಲಕ್ಷ್ಮಿಯ ಜೊತೆ ನಾನೂ ಬಂದೆ. ನಿಮ್ಮ ಗುಮಾಸ್ತರು "ಹೊರಗಿನ ಡಾಕ್ಟರ ಚೀಟಿ ನಡೆಯಲ್ಲ" ಅಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಪತ್ರ ಅರ್ಧ ಆಗುತ್ತಿತ್ತು. ಸಾಲಲ್ಲಿ ನಿಂತ ಹೆಂಗಸರೆಲ್ಲ ಕೇಳುವ ಹಾಗೆ, "ಗಂಡ ಬರ್ಮಾ ಗಡೀಲಿ, ರೋಗ ಇಲ್ಲಿ. ಇದು ಹೇಗಮ್ಮಾ?" ಅಂದರು. ಚಲುವಯ್ಯ ನೆಲ ನೋಡಿದ. ನನ್ನ ಸೊಸೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಳು.

ಅವಳ ಗಂಡ ಮುನಿರಾಜಪ್ಪ ನನ್ನ ಮಗ. ಮಿಲಿಟರಿ ಲಾರಿ ಓಡಿಸಲು ಹೋಗಿ ವರ್ಷ ದಾಟಿದೆ. ಮಾನ್ಯರೇ, ಅವಳ ಮೇಲೆ ಅನುಮಾನ ಪಡುವ ಹಕ್ಕು ಈ ಊರಲ್ಲಿ ಯಾರಿಗಾದರೂ ಇದ್ದರೆ ಅತ್ತೆಯಾದ ನನಗೆ. ಅವಳ ಪಕ್ಕದಲ್ಲೇ ಮಲಗಿ ಏಳುವ ನಾನೇ ಪಡಲಿಲ್ಲ. ನಿಮ್ಮ ಗುಮಾಸ್ತರು ಯಾರು? ಬೆಂಕಿ ಹಚ್ಚಿದವರು ನೀವು, ಹೊಗೆ ಎಲ್ಲಿಂದ ಬಂತು ಅಂತ ಅವಳನ್ನು ಕೇಳುವವರೂ ನೀವೇ.

ಈಗ ಅವಳಿಗೆ ಕೆಲಸದ ಚಿಂತೆಯೂ ಇಲ್ಲ. "ಅತ್ತೆ, ಯಾರಾದ್ರೂ ಅವ್ರಿಗೆ ಬರೆದ್ಬಿಟ್ರೆ?" ಅಂತ ಒಂದೇ ಮಾತು. ಆ ಲಾರಿ ದಳದಲ್ಲಿ ನಮ್ಮ ಬೀದಿಯ ಹುಡುಗರೇ ಅರ್ಧ. ನಿಮ್ಮ ಗೇಟಿನ ಮಾತು ಬರ್ಮಾ ಮುಟ್ಟಲು ರೈಲು ಬೇಕಾಗಿಲ್ಲ. ಅದಕ್ಕೇ ಈ ಪತ್ರ ಅಚ್ಚಾದ ಹಾಳೆಯನ್ನು ಮಗನಿಗೆ ನಾನೇ ಕಳಿಸುತ್ತೇನೆ. ಸೆನ್ಸಾರಿನವರು ಯೋನಿ ಅನ್ನುವ ಕಡೆ ಮಸಿ ಬಳಿದುಕೊಳ್ಳಲಿ, ಅತ್ತೆ ಅನ್ನುವ ಕಡೆ ಬಳಿಯದಿದ್ದರೆ ಸಾಕು.

ಶನಿವಾರದ ತೊಳೆತ ನಿಲ್ಲಬೇಕು. ಆದಿಲಕ್ಷ್ಮಿಗೆ ತೊಳೆಸಿಕೊಳ್ಳದೆಯೇ ಬಿಲ್ಲೆ ಸಿಗಬೇಕು. ನಿಮ್ಮ ಗುಮಾಸ್ತರು ಆ ಮಾತನ್ನು ಅದೇ ಗೇಟಿನಲ್ಲಿ, ಅದೇ ಹೆಂಗಸರ ಮುಂದೆ, ಅಷ್ಟೇ ಗಟ್ಟಿಯಾಗಿ ವಾಪಸು ತೆಗೆದುಕೊಳ್ಳಬೇಕು. ಪರಿಶೀಲಿಸಲಾಗುವುದು ಅಂತ ಬರೆಯಬೇಡಿ, ನಿಮ್ಮ ಪರಿಶೀಲನೆ ಎಲ್ಲೆಲ್ಲಿ ಕೈ ಹಾಕುತ್ತದೆ ಅಂತ ನೋಡಿದ್ದೇವೆ. ಹೌದೋ ಅಲ್ಲವೋ, ಇದೇ ಪತ್ರಿಕೆಯಲ್ಲಿ, ಮಾರ್ಚಿ ಹತ್ತನೇ ತಾರೀಖು ಶುಕ್ರವಾರದ ಒಳಗೆ ಉತ್ತರ ಬರಬೇಕು. ಮರುದಿನ ಶನಿವಾರ.

ಇಂತಿ,
ಶಾಲೆ ಬಿಟ್ಟದ್ದಕ್ಕೆ ಇದೊಂದೇ ಪತ್ರಕ್ಕಾಗಿ ಬೇಜಾರು ಪಟ್ಟುಕೊಂಡ
ಮೊಸರಿನ ಪಿಳ್ಳಮ್ಮ, ಆದಿಲಕ್ಷ್ಮಿಯ ಅತ್ತೆ
ಹಲಸೂರು, ೧೯೪೪