ಬದಲಿ ಬಂದ್ನೇನು?

ದಾಂಡೇಲಿ,
ರವಿವಾರ, ೧೧ ಫೆಬ್ರುವರಿ ೨೦೨೪

ಪ್ರೀತಿಯ ಅಕ್ಕಾ,

ಇಲ್ಲಿಂದಲೇ ನಿನ್ನ ಕಾಲು ಮುಟ್ಟಿ ಬರೆಯುತ್ತಿದ್ದೇನೆ. ಮೊಣಕಾಲು ಹೇಗಿದೆ? ಮುಂಡಗೋಡದ ಡಾಕ್ಟರು ಕೊಟ್ಟ ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಗೋಡೆಯ ಮಾಡದಲ್ಲಿಟ್ಟು ಕಾಯುತ್ತಿದ್ದೀಯೋ? ಮುಗಿದುಹೋಗುತ್ತದೆಂದು ಔಷಧಿಯನ್ನೇ ಮುಟ್ಟದವಳು ನೀನು. ವೀರೇಶನ ಗೋವಿನಜೋಳ ಮನೆಗೆ ಬಂತೇ? ಸೊಸೆಯನ್ನು, ಮೊಮ್ಮಕ್ಕಳನ್ನು ನಾನು ಕೇಳಿದೆನೆಂದು ಹೇಳು. ಮನೆ ತುಂಬ ಮಂದಿ ಇದ್ದರೂ ನೀನು ಪಡಸಾಲೆಯ ಕಂಬಕ್ಕೆ ಒರಗಿ ಒಬ್ಬಳೇ ಕೂತಿರುತ್ತೀ ಎಂದು ವೀರೇಶ ಹೇಳಿಕಳಿಸಿದ್ದ. ಊಟ ಬಿಡಬೇಡ. ನಾನೇ ಸರಿಯಾಗಿ ಉಣ್ಣುತ್ತಿಲ್ಲ, ನಿನಗೆ ಬುದ್ಧಿ ಹೇಳುತ್ತಿದ್ದೇನೆ.

ಮೊದಲು ಫೋನಿನ ಮಾತು. ನೀನು ದಿನಾ ಫೋನ್ ಮಾಡುತ್ತೀ, ನಾನು ಎತ್ತುವುದಿಲ್ಲ. ನಿರ್ಮಲಾ ತೀರಿಹೋದದ್ದೇ ತಮ್ಮ ನಮ್ಮನ್ನು ಬಿಟ್ಟೇಬಿಟ್ಟ ಎಂದು ನೀನು ಅಳುತ್ತೀಯಂತೆ. ಹಾಗಲ್ಲ ಅಕ್ಕಾ. ನಿನ್ನ ಹೆಸರು ಫೋನಿನಲ್ಲಿ ಮೂಡುವುದನ್ನು ನೋಡುತ್ತ ಕೂತಿರುತ್ತೇನೆ. ಮೊದಮೊದಲು ಎತ್ತಿದ್ದೆ ಕೂಡ. ಒಳಗೆ ನಿನ್ನ ದನಿ ಗುಂಯ್ ಎನ್ನುತ್ತದೆ, ಒಂದು ಅಕ್ಷರವೂ ಬಿಡಿಯಾಗಿ ಕೇಳಿಸುವುದಿಲ್ಲ. ಪೇಪರ್ ಮಿಲ್ಲಿನಲ್ಲಿ ಮಷಿನ್ನಿನ ಮಗ್ಗುಲಲ್ಲಿ ಇಡೀ ಆಯುಷ್ಯ ನಿಂತವನ ಕಿವಿ ಇನ್ನು ಹೇಗಿದ್ದೀತು? ಕಿವಿಗೆ ಹಾಕಿಕೊಳ್ಳಲು ಒಂದು ಯಂತ್ರ ಕೊಟ್ಟಿದ್ದಾರೆ, ಅದು ನನಗಿಂತ ಹೆಚ್ಚು ಒದರುತ್ತದೆ. ಇಷ್ಟು ವರ್ಷ ನೀನು ಫೋನಿನಲ್ಲಿ ಮಾತನಾಡಿದ್ದು ನನ್ನ ಜೊತೆಗಲ್ಲ, ನಿನ್ನ ಮಗಳು, ನನ್ನ ನಿರ್ಮಲಾಳ ಜೊತೆಗೆ. ಅವಳು ಒಂದು ಕೈಯಲ್ಲಿ ಫೋನ್ ಹಿಡಿದು ಕೇಳುತ್ತ, ಇನ್ನೊಂದು ಕೈಯಲ್ಲಿ ನನಗೆ ಸನ್ನೆ ಮಾಡಿ ಹೇಳುತ್ತಿದ್ದಳು. ನಾನು ಕೈಯಲ್ಲಿ ಕೊಟ್ಟ ಉತ್ತರವನ್ನು ಬಾಯಲ್ಲಿ ನಿನಗೆ ಮುಟ್ಟಿಸುತ್ತಿದ್ದಳು. ಸ್ವಲ್ಪ ಬೆಲ್ಲ ಸೇರಿಸಿಯೇ ಮುಟ್ಟಿಸುತ್ತಿದ್ದಳು ಎಂಬ ಗುಮಾನಿ ನನಗೆ ಈಗಲೂ ಇದೆ. ಇಲ್ಲದಿದ್ದರೆ ನನ್ನಂಥ ಸಿಡುಕನಿಗೆ ನಿಮ್ಮ ಮಳಗಿಯಲ್ಲಿ ಒಳ್ಳೆಯ ಅಳಿಯ ಎಂಬ ಹೆಸರು ಎಲ್ಲಿಂದ ಬರಬೇಕು.

ಅಳಿಯ ಎಂದು ಬರೆದ ಕೂಡಲೇ ನಗು ಬಂತು. ಅವ್ವ ಸತ್ತಾಗ ನನಗಿನ್ನೂ ಸರಿಯಾಗಿ ನಡೆಯಲು ಬರುತ್ತಿರಲಿಲ್ಲ, ನೀನು ಸೊಂಟದ ಮೇಲೆ ಹೊತ್ತು ಬೆಳೆಸಿದೆ. ಮದುವೆಯಾಗಿ ಮಳಗಿಗೆ ಹೋಗುವಾಗಲೂ ನನ್ನನ್ನು ಬೆನ್ನಿಗೆ ಕಟ್ಟಿಕೊಂಡೇ ಹೋದೆ. ನಿರ್ಮಲಾ ಹುಟ್ಟಿದಾಗ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ "ಹಿಡಕೋ, ನಿನ್ನ ಹೇಣ್ತಿ" ಎಂದು ನಗಾಡಿದ್ದೆ. ಅವಳು ನನ್ನ ಚಡ್ಡಿ ತೋಯಿಸಿದಳು, ನಾನು ಅತ್ತುಬಿಟ್ಟೆ. ಮುಂದೆ ಅದೇ ಚೇಷ್ಟೆ ನಿಜವಾಗಿ ಅಕ್ಷತೆ ಬಿದ್ದ ದಿನ ಹಿರಿಯರು ನನ್ನನ್ನು ಕರೆದು "ಇನ್ನ ಮ್ಯಾಲ ಅಕ್ಕಾ ಅನಬ್ಯಾಡ, ಅತ್ತಿ ಅನಬೇಕು, ರೀ ಹಚ್ಚಿ ಮಾತಾಡಬೇಕು" ಎಂದಿದ್ದರು. ನಾನು ಗಂಭೀರವಾಗಿ "ಅತ್ತೀ, ಚಾ ಕೊಡ್ರಿ" ಎಂದೆ. ನೀನು ನಕ್ಕು ನಕ್ಕು ಚಾ ಚೆಲ್ಲಿದೆ. ಅವತ್ತಿಗೇ ಆ ರೀತಿ ರಿವಾಜು ಮುಗಿಯಿತು. ನಿರ್ಮಲಾ ಕೂಡ ಮಂದಿಯ ಮುಂದೆ ಮಾತ್ರ ರೀ ಎನ್ನುತ್ತಿದ್ದಳು, ಮನೆಯೊಳಗೆ ನಾನು ಕಡೆಯವರೆಗೂ ಅವಳಿಗೆ ಮಾಮಾನೇ ಆಗಿದ್ದೆ. ವೀರೇಶನೂ ಮಾಮಾ ಎನ್ನುತ್ತಾನೆ, ಆದರೆ ಅದು ಬೇರೆ. ನಮಗೆ ಮಕ್ಕಳಾಗಲಿಲ್ಲವೆಂದು ನೀನು ಬಹಳ ಕೊರಗಿದೆ. ನಾವು ಅಷ್ಟು ಕೊರಗಲಿಲ್ಲ ಅಕ್ಕಾ, ನಮಗೆ ನಾವೇ ಸಾಕಾಗಿತ್ತು. ಈಗ ಅದೇ ತೊಂದರೆಯಾಗಿದೆ.

ಆ ಕೈಸನ್ನೆಗಳ ಬಗ್ಗೆ ನಿನಗೆ ಸ್ವಲ್ಪ ಹೇಳಬೇಕು, ಮುಂದಿನದು ತಿಳಿಯಲು ಅದು ಬೇಕಾಗುತ್ತದೆ. ಮಷಿನ್ ಮನೆಯೊಳಗೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ, ಆದ್ದರಿಂದ ನಾವು ಕೈಯಲ್ಲೇ ಮಾತನಾಡುತ್ತೇವೆ. ಒಂದು ಅಂಗೈಯಿಂದ ಇನ್ನೊಂದನ್ನು ಕೊಯ್ದಂತೆ ಮಾಡಿದರೆ ಓಡುತ್ತಿದ್ದ ಪೇಪರ್ ತುಂಡಾಯಿತು ಎಂದು. ಮೀಸೆ ತಿರುವಿದರೆ ಸಾಹೇಬರು ಬರುತ್ತಿದ್ದಾರೆ ಎಂದು. ನನ್ನ ಕಿವಿ ಮಂದವಾಗುತ್ತ ಬಂದಂತೆ ಇವನ್ನೆಲ್ಲ ನಿರ್ಮಲಾ ನನ್ನಿಂದ ಕಲಿತಳು, ಕಲಿತು ತನಗೆ ಬೇಕಾದ ಹಾಗೆ ಬಳಸಿದಳು. ಹಾಲು ಒಡೆದರೂ ಪೇಪರ್ ತುಂಡಾಯಿತು, ಕರೆಂಟ್ ಹೋದರೂ ಪೇಪರ್ ತುಂಡಾಯಿತು. ನನಗೆ ಸಿಟ್ಟು ಬಂದರೆ ಒಲೆಯ ಮುಂದೆ ಕೂತು ಇಲ್ಲದ ಮೀಸೆ ತಿರುವುತ್ತಿದ್ದಳು. ಇನ್ನೊಂದು ಸನ್ನೆ ಬದಲಿಯದು. ಶಿಫ್ಟ್ ಮುಗಿದಾಗ ನಮ್ಮ ಜಾಗಕ್ಕೆ ಬರುವವನನ್ನು ನಾವು ಬದಲಿ ಎನ್ನುತ್ತೇವೆ. ಅವನು ಬರುವವರೆಗೆ ಮನೆಗೆ ಬೆಂಕಿ ಬಿದ್ದರೂ ಮಷಿನ್ ಬಿಟ್ಟು ಕದಲುವಂತಿಲ್ಲ. ಎರಡು ತೋರುಬೆರಳುಗಳನ್ನು ಎದೆಯ ಮುಂದೆ ಒಂದರ ಸುತ್ತ ಒಂದು ತಿರುಗಿಸಿದರೆ ಬದಲಿ. ಗದ್ದ ಕೆಳಗೆ ಮಾಡಿದರೆ, ಬದಲಿ ಬಂದ, ನಡಿ ಎಂದು ಅರ್ಥ. ಗದ್ದ ಮೇಲೆತ್ತಿದರೆ ಅದು ಪ್ರಶ್ನೆ: ಬದಲಿ ಬಂದ್ನೇನು? ಬಂದಿಲ್ಲ, ನಾನೇ ಇದ್ದೇನೆ ಎನ್ನುವುದಕ್ಕೆ ಅಂಗೈಯನ್ನು ಎದೆಯ ಮೇಲೆ ಇಡಬೇಕು. ನಾನು ಡ್ಯೂಟಿಯಿಂದ ತಡವಾಗಿ ಬಂದ ದಿನ ನಿರ್ಮಲಾ ಬಾಗಿಲಲ್ಲಿ ನಿಂತು, ಗದ್ದ ಎತ್ತಿ, ಬೆರಳು ತಿರುಗಿಸುತ್ತಿದ್ದಳು.

ಈಗ ನನ್ನ ಕೈಗೆ ಕೆಲಸವಿಲ್ಲ. ಕುಕ್ಕರಿನ ಸೀಟಿ ಕೇಳಿಸುವುದಿಲ್ಲವೆಂದು ಒಲೆಯ ಮುಂದೆಯೇ ನಿಂತು ಅದರ ತಲೆ ಎದ್ದದ್ದನ್ನು ನೋಡಬೇಕು. ಸ್ವಲ್ಪ ಅತ್ತಿತ್ತ ಹೋದರೆ ಬೇಳೆ ಸೀದಿರುತ್ತದೆ. ಬಾಗಿಲು ಬಡಿದರೆ ತಿಳಿಯದೆಂದು ಹಗಲೆಲ್ಲ ಬಾಗಿಲು ತೆರೆದಿಡುತ್ತೇನೆ. ಒಮ್ಮೆ ಮಂಗ ಒಳಗೆ ಬಂದು ಬಾಳೆಹಣ್ಣು ತಿಂದು, ನನ್ನ ಮುಂದೆಯೇ ಹಾದುಹೋಯಿತು. ಪಕ್ಕದ ಕ್ವಾರ್ಟರ್ಸಿನ ದ್ವಾರಕಾಬಾಯಿ ಗೋಡೆಯ ಮೇಲಿಂದ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ ಕೊಡುತ್ತಾಳೆ. ಒಳ್ಳೆಯ ಹೆಂಗಸು, ಉಪ್ಪು ಮಾತ್ರ ಕೈ ತಪ್ಪಿ ಹಾಕುತ್ತಾಳೆ. ನಾನು ಒಬ್ಬನೇ ಗೋಡೆಗೆ ಮುಖ ಮಾಡಿ ಕೈ ಆಡಿಸುತ್ತ ಕೂತದ್ದನ್ನು ಅವಳೇ ನೋಡಿ, ಶೇಖಪ್ಪನವರಿಗೆ ತಲೆ ಕೆಟ್ಟಿದೆ ಎಂದು ಕಾಲನಿಗೆಲ್ಲ ಹೇಳಿದ್ದಾಳೆ. ಕೆಟ್ಟಿಲ್ಲ. ಆದರೆ ಬೆಳಿಗ್ಗೆ ಮಿಲ್ಲಿನ ಭೋಂಗಾ ಆಗುವ ಹೊತ್ತಿಗೆ ಯಾಕೆ ಏಳಬೇಕು ಎಂಬುದು ತಿಳಿಯುವುದಿಲ್ಲ. ಡ್ಯೂಟಿ ಮುಗಿಸಿ ಕಾಳಿ ನದಿಯ ಸೇತುವೆಯ ಮೇಲೆ ಬಹಳ ಹೊತ್ತು ನಿಲ್ಲುತ್ತಿದ್ದೆ. ಕೆಳಗೆ ಪ್ರವಾಸಿಗರು ರಬ್ಬರ್ ದೋಣಿಯಲ್ಲಿ ಕೇಕೆ ಹಾಕುತ್ತ ಹೋಗುತ್ತಾರೆ, ಅವರ ಬಾಯಿ ತೆರೆದದ್ದು ಕಾಣುತ್ತದೆ, ದನಿ ಇಲ್ಲ. ಒಂದೆರಡು ಸಲ ಅಲ್ಲಿ ಕೆಟ್ಟ ವಿಚಾರವೂ ಬಂತು, ನಿನ್ನ ಹತ್ತಿರ ಸುಳ್ಳು ಹೇಳಲಾರೆ. ಹೆದರಬೇಡ, ಪೂರ್ತಿ ಓದು.

ಇನ್ನು ಊರ ಸ್ವಾಮಿಗಳು ಅಡಿವೆಯ್ಯನವರ ವಿಷಯ. ಸಂಕ್ರಾಂತಿ ಮುಗಿದ ಮೇಲೆ ನೀನು ಅವರನ್ನು ಕಳಿಸಿದ್ದೆ. ಹಳಿಯಾಳದ ಕಡೆಯ ಒಬ್ಬ ಒಂಟಿ ಹೆಣ್ಣುಮಗಳ ಸಂಬಂಧ ತಂದಿದ್ದರು. ನನಗೆ ಕೇಳಿಸಲೆಂದು ಅವರು ಕೂಗಿ ಕೂಗಿ ಹೇಳುತ್ತಿದ್ದರು, "ಒಬ್ಬನ ಹೆಂಗ ಇರ್ತೀಯೋ ತಮ್ಮಾ, ಅಕ್ಕ ಭಾಳ ಮನಸಿಗೆ ಹಚಗೊಂಡಾಳ" ಎಂದು. ನನ್ನ ಬಿಟ್ಟು ಇಡೀ ಕಾಲನಿಗೆ ಕೇಳಿಸಿತು, ನಾನು ತುಟಿ ನೋಡಿ ತಿಳಿದೆ. ನಾನು ಚಾ ಕೂಡ ಕೊಡದೆ, ಅವರ ಚೀಲ ಎತ್ತಿ ಹೊರಗಿಟ್ಟೆ. ಸ್ವಾಮಿಗಳ ಚೀಲವನ್ನು ಹಾಗೆ ಇಡಬಾರದಿತ್ತು, ನನ್ನ ಪರವಾಗಿ ಕೈ ಮುಗಿ. ಅವತ್ತು ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ. ತಾಯಿ ಮಗಳು ಇಬ್ಬರೂ ಸೇರಿ ನಿರ್ಮಲಾಳ ಜಾಗ ತುಂಬಿಸಲು ಹೊರಟಿದ್ದೀರಿ ಎಂದು ಸಿಟ್ಟು.

ಮಗಳು ಎಂದು ಯಾಕೆ ಬರೆದೆ ಎಂದರೆ, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆ ಕಡೆಯ ದಿನವನ್ನು ನೆನಪು ಮಾಡಿಕೋ. ನೀನು ಅವಳ ಕಾಲು ತಿಕ್ಕುತ್ತಿದ್ದೆ, ನಾನು ತಲೆಯ ಕಡೆ ಇದ್ದೆ. ಆಕ್ಸಿಜನ್ ಮಾಸ್ಕ್ ಅವಳ ಮೂಗಿನಿಂದ ಗದ್ದದವರೆಗೆ ಕೂತಿತ್ತು, ಮಾತು ನಿಂತಿತ್ತು. ಅವಳು ಹೊದಿಕೆಯಿಂದ ಎರಡೂ ಕೈ ಹೊರಗೆ ತೆಗೆದು, ನನ್ನ ಕಡೆ ತೋರಿಸಿ, ಬೆರಳು ತಿರುಗಿಸಿದಳು. ಬದಲಿ. ನಾನು ತಿಳಿದದ್ದು ಒಂದೇ: ನನ್ನ ಪಾಳಿ ಮುಗಿಯಿತು ಮಾಮಾ, ನೀ ಬದಲಿ ಮಾಡಿಕೋ, ಇನ್ನೊಬ್ಬಳನ್ನು ತಂದುಕೋ. ಅವಳು ಮತ್ತೊಮ್ಮೆ ತಿರುಗಿಸಲು ಹೋದಳು. ನಾನು ಆ ಎರಡೂ ಕೈಗಳನ್ನು ನನ್ನ ಕೈಯೊಳಗೆ ಗಟ್ಟಿಯಾಗಿ ಹಿಡಿದುಬಿಟ್ಟೆ, ಇನ್ನೊಂದು ಸಲ ಹೇಳಬಾರದೆಂದು. ನೀನು ಆ ಕಡೆಯಿಂದ ನನ್ನ ತೋಳು ಅಲುಗಿಸಿ ಏನೋ ಕೇಳಿದೆ. ಏನಂದಳೋ ಎಂದೇ ಕೇಳಿರಬೇಕು. ನೀರು ಬೇಕಂತೆ ಎಂದು ನಾನು ಹೇಳಿದೆ. ನೀನು ಎದ್ದು ನೀರು ತಂದೆ, ಅವಳು ಕುಡಿಯಲಿಲ್ಲ. ಬೆಳಕು ಹರಿಯುವ ಮುಂಚೆ ಹೋದಳು. ಮಗಳಿಗೆ ಕಡೆಯ ಗುಟುಕು ನೀರು ಹೋಗಲಿಲ್ಲವೆಂದು ನೀನು ಎಲ್ಲರ ಮುಂದೆ ಅಳುತ್ತೀ ಎಂದು ವೀರೇಶ ಹೇಳಿಕಳಿಸಿದಾಗಿನಿಂದ ಈ ಕಾಗದ ನನ್ನೊಳಗೆ ಕುದಿಯುತ್ತಿತ್ತು. ಅವಳು ನೀರು ಕೇಳಿರಲಿಲ್ಲ ಅಕ್ಕಾ.

ಏನು ಕೇಳಿದಳು ಎಂಬುದು ನನಗೆ ತಿಳಿದದ್ದು ಮೊನ್ನೆ ಬುಧವಾರ. ಧೂಳು ಬಹಳವೆಂದು ಈಗ ಮಷಿನ್ ಮನೆಯಲ್ಲಿ ಎಲ್ಲರೂ ಮುಖಕ್ಕೆ ಮಾಸ್ಕ್ ಕಟ್ಟಬೇಕೆಂದು ಹುಕುಂ ಆಗಿದೆ. ಮಧ್ಯಾಹ್ನ ಶಿಫ್ಟ್ ಮುಗಿಯುವ ಹೊತ್ತು, ಮೌನೇಶ ಎನ್ನುವ ನಮ್ಮ ಹಳೆಯ ಜೊತೆಗಾರ, ಬೇರೆ ಮಷಿನ್ನಿನವನು, ನನ್ನ ಮುಂದೆ ಹಾಯುತ್ತ ಬೆರಳು ತಿರುಗಿಸಿದ. ಅವತ್ತು ಇವನೇ ನನ್ನ ಬದಲಿ, ಬಂದು ನಿಂತ ಎಂದು ತಿಳಿದು ನಾನು ಚೀಲ ತೆಗೆದುಕೊಂಡು ಗೇಟಿನ ಕಡೆ ನಡೆದೆ. ಹಿಂದೆ ಪೇಪರ್ ತುಂಡಾಗಿ, ನೋಡುವವರಿಲ್ಲದೆ ಸೊಂಟದೆತ್ತರ ಗುಡ್ಡೆ ಬಿತ್ತು. ಮೌನೇಶ ಓಡಿಬಂದು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದ. ಮಾಸ್ಕ್ ಕೆಳಗೆ ಎಳೆದು ಬಯ್ದ, ತುಟಿ ನೋಡಿ ತಿಳಿದುಕೊಂಡೆ. "ನಿನ್ನ ಬದಲಿ ಬಂದ್ನೇನು ಅಂತ ಕೇಳಿದ್ನೆಪಾ. ನಾನ ಬದಲಿ ಅಂತ ಎಲ್ಲಿ ಹೇಳಿದೆ?" ಹಾಗೆನ್ನುತ್ತ ಮತ್ತೆ ಬೆರಳು ತಿರುಗಿಸಿ ತೋರಿಸಿದ. ಈಗ ಅವನ ಗದ್ದ ಕಾಣುತ್ತಿತ್ತು. ಮೇಲಕ್ಕೆ ಎದ್ದಿತ್ತು.

ನಾನು ಆ ಪೇಪರ್ ಗುಡ್ಡೆಯ ಮೇಲೆಯೇ ಕೂತುಬಿಟ್ಟೆ. ನಿರ್ಮಲಾಳ ಗದ್ದ ಮಾಸ್ಕಿನೊಳಗಿತ್ತು, ನಾನು ನೋಡಿರಲಿಲ್ಲ. ಅವಳು ಇನ್ನೊಬ್ಬಳನ್ನು ತಂದುಕೋ ಎನ್ನಲಿಲ್ಲ. ಆಸ್ಪತ್ರೆಗೆ ಸೇರಿಸಿದಾಗಿನಿಂದ ನಾನು ಆ ಸ್ಟೂಲು ಬಿಟ್ಟು ಎದ್ದಿರಲಿಲ್ಲ, ನೀನು ಕಟ್ಟಿ ತಂದ ಬುತ್ತಿ ಬಿಚ್ಚಿರಲಿಲ್ಲ. ಅದಕ್ಕೇ ಕೇಳಿದಳು: ಬದಲಿ ಬಂದ್ನೇನು ಮಾಮಾ? ನಿನ್ನ ಬಿಡಿಸಲು ಯಾರೂ ಬರಲಿಲ್ಲವೇ, ಉಂಡೆಯಾ? ಬಾಗಿಲಲ್ಲಿ ನಿಂತು ಕೇಳುತ್ತಿದ್ದಳಲ್ಲ, ಅದೇ ಪ್ರಶ್ನೆ. ನಿನ್ನ ಮಗಳ ಕಡೆಯ ಮಾತು ಇದು. ನಾನು ಉತ್ತರ ಕೊಡುವುದು ಬಿಟ್ಟು ಅವಳ ಕೈ ಹಿಡಿದು ಬಾಯಿ ಮುಚ್ಚಿಸಿದೆ. ಮಷಿನ್ ಮನೆಯಲ್ಲಿ ಒಂದು ಅನುಕೂಲವಿದೆ ಅಕ್ಕಾ, ಎಷ್ಟು ಜೋರಾಗಿ ಅತ್ತರೂ ಯಾರಿಗೂ ಕೇಳಿಸುವುದಿಲ್ಲ. ಸಾಹೇಬರು ಬಂದು ಬಯ್ದರು, ಅದೂ ನನಗೆ ಕೇಳಿಸಲಿಲ್ಲ. ಮೌನೇಶ ಅವರನ್ನು ಅತ್ತ ಕರೆದುಕೊಂಡು ಹೋದ.

ಅವತ್ತು ಸೇತುವೆಯ ಮೇಲೆ ನಿಲ್ಲದೆ ನೇರವಾಗಿ ಮನೆಗೆ ಬಂದೆ. ದ್ವಾರಕಾಬಾಯಿ ಕೊಟ್ಟ ಎರಡೂ ರೊಟ್ಟಿ ಉಂಡೆ, ಉಪ್ಪು ಹೆಚ್ಚಾಗಿತ್ತು. ಅಕ್ಷರ ಕಲಿಸಿದವಳು ನೀನೇ, ತಪ್ಪಿದ್ದರೆ ತಿದ್ದಿಕೋ. ನೀನು ಒಂದೊಂದೇ ಅಕ್ಷರ ಕೂಡಿಸಿ ದೊಡ್ಡ ದನಿಯಲ್ಲಿ ಓದುತ್ತೀ, ಆದ್ದರಿಂದ ಹಿತ್ತಲಿಗೆ ಹೋಗಿ ಓದು. ವೀರೇಶನಿಗೆ ಆಶೀರ್ವಾದ, ಮಕ್ಕಳಿಗೆ ಮುದ್ದು. ಮುಲಾಮು ಹಚ್ಚಿಕೋ.

ನಿನ್ನ ಸೊಂಟದ ಮೇಲೆ ಬೆಳೆದ,
ಶೇಖಪ್ಪ

ತಾ.ಕ.: ಕಾಗದ ಮಡಚಿ ಆಗಿತ್ತು, ಮತ್ತೆ ಬಿಚ್ಚಿದೆ. ಬರುವ ರವಿವಾರ ನನಗೆ ರಜೆ. ಬೆಳಗಿನ ಬಸ್ಸಿಗೆ ಹಳಿಯಾಳಕ್ಕೆ ಬಂದು, ಅಲ್ಲಿಂದ ಮುಂಡಗೋಡದ ಮೇಲೆ ಮಳಗಿಗೆ ಊಟದ ಹೊತ್ತಿಗೆ ಮುಟ್ಟುತ್ತೇನೆ. ನೀನು ಬಾಗಿಲಲ್ಲಿ ನಿಂತು ಕೂಗಬೇಡ, ಕೇಳಿಸುವುದಿಲ್ಲ. ಎರಡು ತೋರುಬೆರಳು ಎದೆಯ ಮುಂದೆ ತಿರುಗಿಸು, ಗದ್ದ ಮೇಲಕ್ಕೆತ್ತು. ಅದಕ್ಕೆ ಮೊಣಕಾಲು ಬೇಕಾಗಿಲ್ಲ, ನೆಪ ಹೇಳಬೇಡ. ಅವಳಿಗೆ ಕೊಡದೆ ಉಳಿದ ಉತ್ತರವನ್ನು ಅವಳ ಅವ್ವನಿಗಾದರೂ ಕೊಡುತ್ತೇನೆ: ಅಂಗೈಯನ್ನು ಎದೆಯ ಮೇಲೆ ಇಡುತ್ತೇನೆ, ಬಂದಿಲ್ಲ, ನಾನೇ ಇದ್ದೇನೆ ಎಂದು. ಆಮೇಲೆ ಅದೇ ಪ್ರಶ್ನೆಯನ್ನು ನಾನು ನಿನಗೆ ಕೇಳುತ್ತೇನೆ. ನೀನೂ ಅಂಗೈ ಎದೆಯ ಮೇಲೆ ಇಡಬೇಕು ಅಕ್ಕಾ.