ಟ್ಯಾಂಕರಿಗೆ ಹಚ್ಚಿದ ಅರಿಷಿಣ

ತಾರ್ನಾಕ, ಶುಕ್ರವಾರ

ಶ್ರೀ ಅಮೃತಪ್ಪನವರಿಗೆ, ನಿಮ್ಮ ಮಹಡಿ ಮನೆಯ ಬಾಡಿಗೆದಾರಳ ನಮಸ್ಕಾರ.

ಸೋಮವಾರ ಅಂತರ್ಜಲ ಇಲಾಖೆಯಿಂದ ತನಿಖೆಗೆ ಬರುವ ಅಧಿಕಾರಿಗೆ ಹಿತ್ತಲಿನ ಹೊಸ ಬೋರು ಮನೆಬಳಕೆಗೆ ಮಾತ್ರ ಎಂದು ಹೇಳಬೇಕು, ಇಲ್ಲವಾದರೆ ಮನೆ ಖಾಲಿ ಮಾಡಬೇಕು ಎಂದು ಸಿಕಂದರಾಬಾದಿನಿಂದ ಫೋನ್ ಮಾಡಿದ್ದಿರಿ. ಎರಡನ್ನೂ ಮಾಡುವುದಿಲ್ಲ.

ಆ ಬೋರಿನಿಂದ ದಿನವಿಡೀ ಟ್ಯಾಂಕರುಗಳು ತುಂಬಿಕೊಂಡು ಹೋಗುತ್ತವೆ. ಡ್ರೈವರ್ ಹುಲಗೇಶ ನೀರನ್ನು ನೀರು ಎನ್ನುವುದೂ ಇಲ್ಲ, "ಮಾಲು" ಎನ್ನುತ್ತಾನೆ. ನಮ್ಮ ಬಾವಿ ಒಣಗಿದೆ, ಅಕ್ಕಪಕ್ಕದವರದೂ ಒಣಗಿದೆ.

ಇಂದು ಬೆಳಿಗ್ಗೆ ಕೆಳಮನೆಯಲ್ಲಿರುವ ನಿಮ್ಮ ತಾಯಿ ಪಾರ್ವತಿಬಾಯಿಯವರು ಗಂಗೆಪೂಜೆಯ ತಟ್ಟೆ ಹಿಡಿದು ಬಾವಿಯೊಳಗೆ ಬಗ್ಗಿ ನೋಡಿದರು. ಆಮೇಲೆ ನೇರವಾಗಿ ಹೋಗಿ ಟ್ಯಾಂಕರಿಗೆ ಅರಿಷಿಣ ಕುಂಕುಮ ಹಚ್ಚಿದರು.

"ಏನಬೇ, ನನ್ನ ಗಾಡಿಗೂ ಪೂಜಿ ಮಾಡತಿ?" ಎಂದು ಹುಲಗೇಶ ನಕ್ಕ.

"ಗಾಡಿಗಲ್ಲೋ. ಗಂಗವ್ವ ನಮ್ಮನಿ ಬಿಟ್ಟು ಹೊಂಟಾಳ, ನನ್ನ ಮಗಾ ಮಾರ್ಯಾನ. ಬರೇ ಹಣಿಲೆ ಹೆಂಗ ಕಳಸಲಿ?"



ಸೋಮವಾರ ನಿಮ್ಮ ತಾಯಿ, ನಾನು ಇಬ್ಬರೂ ಬಾವಿಕಟ್ಟೆಯ ಮೇಲೆ ಕುಳಿತು, ಕಂಡದ್ದನ್ನೇ ಅಧಿಕಾರಿಗೆ ಹೇಳುತ್ತೇವೆ. ನೀವೂ ಬನ್ನಿ. ಬರುವಾಗ ದಯವಿಟ್ಟು ಒಂದು ಕೊಡ ನೀರು ತನ್ನಿ. ನಿಮ್ಮ ತಾಯಿಯ ಪೂಜೆ ಅರ್ಧಕ್ಕೆ ನಿಂತಿದೆ.

ಇದೇ ಮನೆಯಲ್ಲಿರುವ,
ಗುರುದೇವಿ