ಚಿನ್ನವಿಲ್ಲದ ಗೇಟಿನಲ್ಲಿ ತಪಾಸಣೆ

ಮಾನ್ಯ ಪ್ರಾಂಶುಪಾಲರೇ,

ಬಂಗಾರಪೇಟೆಯ ನಿಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಚೀಲವನ್ನು ಗೇಟಿನಲ್ಲಿ ಬಿಚ್ಚಿಸಿ ನೋಡಲಾಗುತ್ತಿದೆ. ಬರುವಾಗಲ್ಲ, ಮನೆಗೆ ಹೋಗುವಾಗ. ಮಕ್ಕಳು ಇಲ್ಲಿಂದ ಏನನ್ನಾದರೂ ಹೊತ್ತುಕೊಂಡು ಹೋಗಲಿ ಎಂಬುದೇ ಕಾಲೇಜಿನ ಉದ್ದೇಶವೆಂದು ನಾನು ತಿಳಿದಿದ್ದೆ. ಇದನ್ನು ನಿಲ್ಲಿಸಿರೆಂದು ಸಿಬ್ಬಂದಿ ಸಭೆಯಲ್ಲಿ ಕೇಳಿ ಸಾಕಾಗಿದೆ. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ಸಭೆಯಲ್ಲಿ ನೀವು ಕೊಟ್ಟ ಉತ್ತರ ನೆನಪಿದೆ. ನಿಮ್ಮ ತಂದೆ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಗೇಟಿನಲ್ಲಿ ಕಾವಲಿಗಿದ್ದವರು. ಕೆಲಸ ಮುಗಿಸಿ ಮೇಲೆ ಬಂದವರ ಮೈ ತಡವಿ ಚಿನ್ನ ಹುಡುಕುವುದು ಅವರ ಕೆಲಸ. "ನಮ್ಮಪ್ಪ ಮನೇಲಿ ನನ್ನ ಜೇಬನ್ನೂ ಬಿಡ್ತಿರಲಿಲ್ಲ ಕಣ್ರೀ. ಅದಕ್ಕೇ ಇವತ್ತು ಈ ಕುರ್ಚೀಲಿದೀನಿ" ಎಂದಿರಿ. ನಾವೆಲ್ಲ ನಕ್ಕೆವು. ಪ್ರಾಂಶುಪಾಲರು ನಕ್ಕಾಗ ನಗಬೇಕೆಂಬುದು ಸೇವಾ ನಿಯಮಗಳಲ್ಲಿ ಇಲ್ಲದಿದ್ದರೂ ರೂಢಿಯಲ್ಲಿದೆ. ಆದರೆ ಅಲ್ಲಿ ಚಿನ್ನವಿತ್ತು. ಇಲ್ಲಿ ಕದಿಯಲು ಏನಿದೆ ಸ್ವಾಮಿ? ಸೀಮೆಸುಣ್ಣವೇ?

ಕಳೆದ ತಿಂಗಳು ಬೂದಿಕೋಟೆಯಿಂದ ಬರುವ ಬಿ.ಎ. ವಿದ್ಯಾರ್ಥಿನಿ ಸಹನಳ ಚೀಲದಲ್ಲಿ ಕನ್ನಡಕ್ಕೆ ಅನುವಾದವಾದ ಒಂದು ಕಾದಂಬರಿ ಸಿಕ್ಕಿತು. ಗ್ರಂಥಾಲಯದ ಚೀಟಿ ಇರಲಿಲ್ಲ, ಆದ್ದರಿಂದ ಕದ್ದದ್ದು ಎಂದಿರಿ. "ಸಾರ್ ಕೊಟ್ರು" ಎಂದಳಂತೆ. "ಸಿಕ್ಕಿಬಿದ್ದೋರೆಲ್ಲ ಹಂಗೇ ಅನ್ನೋದು" ಎಂದಿರಂತೆ. ಅವಳ ಬಸ್ಸು ಹೋಗುವವರೆಗೂ ಎಲ್ಲರೆದುರು ಗೇಟಿನ ಪಕ್ಕ ನಿಲ್ಲಿಸಿದಿರಿ. ಪುಸ್ತಕ ನನ್ನದು, ಓದಲು ನಾನೇ ಕೊಟ್ಟದ್ದು. ಮೊದಲ ಪುಟ ತಿರುವಿದ್ದರೆ ನನ್ನ ಹೆಸರು ಕಾಣುತ್ತಿತ್ತು. ಕಾಲೇಜಿನಲ್ಲಿ ಪುಸ್ತಕ ತೆರೆಯಬೇಕೆಂದು ಯಾರಿಗೆ ಹೊಳೆಯಬೇಕು?

ಅಂದಿನಿಂದ ಅವಳು ಬಂದಿಲ್ಲ. ಬೂದಿಕೋಟೆಗೆ ಹೋಗಿ ಕೇಳಿದೆ. ತಾಯಿ ಅಶ್ವತ್ಥಮ್ಮ ಹೇಳಿದರು: "ಓಗಲ್ಲ ಅಂತಾಳೆ ಸಾರ್. ಡೈರಿಗೆ ಆಲು ಆಕಕ್ಕೋದ್ರೆ ಯಾರೂ ಬ್ಯಾಗ್ ಬಿಚ್ಸಲ್ಲ ಅಂತಾಳೆ. ನಾನೇನ್ ಯೋಳ್ಲಿ?"

ನನ್ನ ತಂದೆ ಆರುಮುಗಂ ಅದೇ ಗಣಿಗೆ ಇಳಿಯುತ್ತಿದ್ದವರು. ಮನೆ ಬಾಗಿಲಲ್ಲಿ ಊಟದ ಕ್ಯಾರಿಯರ್ ತೆರೆದು ಅಮ್ಮನಿಗೆ ತೋರಿಸಿಯೇ ಒಳಗೆ ಬರುತ್ತಿದ್ದರು. "ಇದು ಗೇಟ್ ಇಲ್ಲೆ, ವೀಡು" ಎಂದು ಅಮ್ಮ ತಮಿಳಿನಲ್ಲಿ ಗದರುತ್ತಿದ್ದಳು, ಇದು ಗೇಟಲ್ಲ, ಮನೆ ಎಂದು. ಮೊನ್ನೆ ನಮ್ಮ ಕಾವಲುಗಾರ ವೇಣು ನನ್ನನ್ನು ಕೇಳಿದ: "ನೀವ್ಯಾಕ್ ಸಾರ್ ದಿನಾ ಬ್ಯಾಗ್ ತೆಗ್ದು ತೋರಿಸ್ತೀರ? ಮೇಷ್ಟ್ರುಗಳ್ದು ಯಾರ್ ಕೇಳಿದ್ರು?" ನನಗೆ ಗೊತ್ತೇ ಆಗಿರಲಿಲ್ಲ. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. ನಾವಿಬ್ಬರೂ ಇನ್ನೂ ಅಪ್ಪಂದಿರ ಪಾಳಿಯಲ್ಲೇ ಇದ್ದೇವೆ.

ತಪಾಸಣೆ ನಿಲ್ಲಿಸಿ. ಸಹನಳನ್ನು ನಿಮ್ಮ ಕೋಣೆಗೆ ಕರೆಸಬೇಡಿ. ನೀವೇ ಬೂದಿಕೋಟೆಯ ಬಸ್ಸು ಹತ್ತಿ, ತಪ್ಪಾಯಿತು ಎಂದು ಹೇಳಿ, ಪುಸ್ತಕವನ್ನು ಅವಳ ಕೈಗೆ ಕೊಡಿ. ಅದು ಇನ್ನೂ ನಿಮ್ಮ ಮೇಜಿನ ಮೇಲಿದೆ. ಅವಳು ಕೊನೆಯ ಅಧ್ಯಾಯ ಓದಿಲ್ಲ.

ಇಂತಿ,
ಕೇಳುವ ಮೊದಲೇ ಚೀಲ ತೆರೆಯುವ
ನಿಮ್ಮ ಇತಿಹಾಸ ಉಪನ್ಯಾಸಕ